ಇ-ಸಿಗರೇಟು: ಒಳಗೇನಿದೆ, ಕೆಡುವುದೇಕೆ?

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿಗಳು ಮತ್ತು ದುಶ್ಚಟಗಳು’ ಎಂದಿತ್ತು. ಆ ಶೀರ್ಷಿಕೆಯ ಭಾಷಣಗಳನ್ನು ನೀವು ಸಾಕಷ್ಟು ಕೇಳಿದ್ದೀರಿ. ಅದರಲ್ಲಿ ಬರುವ ಮಾತುಗಳು ಕೆಲವರಿಗೆ ಬಾಯಿಪಾಠವೂ ಆಗಿರಬಹುದು. ನಾನು ಭೌತಶಾಸ್ತ್ರ ಕಲಿಸುವವನು. ಬಿಚ್ಚಿ ನೋಡದ ವಸ್ತುವಿನ ಬಗ್ಗೆ ಮಾತನಾಡುವುದು ನನಗೆ ಒಗ್ಗುವುದಿಲ್ಲ. ಹಾಗಾಗಿ ಸಂಘಟಕರ ಒಪ್ಪಿಗೆ ಪಡೆದು ವಿಷಯವನ್ನು ಸ್ವಲ್ಪ ಕಿರಿದುಗೊಳಿಸಿದ್ದೇನೆ. ನೀವು ‘ವೇಪ್’ ಎಂದು ಕರೆಯುವ, ಪೆನ್‌ಡ್ರೈವ್ ಗಾತ್ರದ ಆ ಯಂತ್ರದ ಒಳಗೆ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ, ಯಾಕೆ ಪದೇ ಪದೇ ಕೆಡುತ್ತದೆ ಎಂಬುದಷ್ಟೇ ಇಂದಿನ ಮಾತು. ಅದು ಕೆಡುವ ರೀತಿಯನ್ನು ಅರ್ಥಮಾಡಿಕೊಂಡರೆ ಅದು ಏನು ಎಂಬುದೂ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆ ಮಾಡಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, 5 ಲಕ್ಷ. ದಾಸ್ತಾನು ಇಟ್ಟುಕೊಂಡವನಿಗೆ ಬೇರೆಯೇ ಶಿಕ್ಷೆ ಇದೆ. ಸೇದುವವನ ಹೆಸರು ಆ ಪಟ್ಟಿಯಲ್ಲಿಲ್ಲವಲ್ಲ ಎಂದು ವಾದಿಸುವ ಜಾಣರಿದ್ದಾರೆ. ಇರಲಿ. ಆದರೆ ಗೆಳೆಯನಿಗೊಂದು ತರಿಸಿಕೊಟ್ಟು ಹಣ ಪಡೆದವನು ‘ಮಾರಿದವನು’ ಆಗುತ್ತಾನೆ ಎಂಬುದನ್ನು ಹಾಸ್ಟೆಲಿನಲ್ಲಿರುವವರು ನೆನಪಿಡಬೇಕು.

ನಮ್ಮ ಕರಾವಳಿಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ದುಬೈಯಲ್ಲಿರುವ ಅಣ್ಣನಿಗೋ ಮಾವನಿಗೋ ಇದು ಅಂಗಡಿಯಲ್ಲಿ ಸಿಗುವ ಸಾಮಾನು. ಯುನೈಟೆಡ್ ಅರಬ್ ಎಮಿರೇಟ್ಸ್ 2019ರಲ್ಲಿ ಇದರ ಮಾರಾಟಕ್ಕೆ ಅನುಮತಿ ಕೊಟ್ಟಿತು. ನಮ್ಮ ದೇಶ ನಿಷೇಧಿಸಿದ್ದೂ ಅದೇ ವರ್ಷ. ಅಲ್ಲಿ ಸರಿಯಾದದ್ದು ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಅಪರಾಧವಾಗಿರುತ್ತದೆ. ಸಿಂಗಾಪುರದಲ್ಲಂತೂ 2018ರಿಂದ ಕೈಯಲ್ಲಿ ಇಟ್ಟುಕೊಳ್ಳುವುದೇ ತಪ್ಪು. ಊರಿಗೆ ಬರುವವರಿಗೆ ಇದನ್ನು ಮುಂಚಿತವಾಗಿ ಹೇಳುವ ಕೆಲಸ ನಿಮ್ಮದು.

ಈಗ ಯಂತ್ರಕ್ಕೆ ಬರೋಣ. ಇದರ ಕಲ್ಪನೆ ಹೊಸದೇನಲ್ಲ. ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕನ್ 1963ರಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಅರ್ಜಿ ಹಾಕಿದ್ದ. ಇಂದಿನ ರೂಪ ಕೊಟ್ಟವರು ಚೀನಾದ ಔಷಧ ತಜ್ಞ ಹಾನ್ ಲಿಕ್, 2003ರ ಸುಮಾರಿಗೆ. ಅವರ ತಂದೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡವರು. ಸ್ವತಃ ಅವರೂ ಸಿಗರೇಟು ಸೇದುತ್ತಿದ್ದರು. ಸಿಗರೇಟು ಬಿಡಿಸಲು ಹುಟ್ಟಿದ ವಸ್ತು ಇದು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಒಳಗಿರುವುದು ನಾಲ್ಕೇ ವಸ್ತು. ಒಂದು ಲಿಥಿಯಂ ಅಯಾನ್ ಬ್ಯಾಟರಿ, ನಿಮ್ಮ ಮೊಬೈಲಿನಲ್ಲಿರುವ ಜಾತಿಯದೇ, 3.7 ವೋಲ್ಟ್. ಒಂದು ಸಣ್ಣ ಸೆನ್ಸರ್. ಬಾಯಿಂದ ಎಳೆದಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾದದ್ದನ್ನು ಗುರುತಿಸಿ ಅದು ಸ್ವಿಚ್ ಹಾಕುತ್ತದೆ. ಕೂದಲೆಳೆಯಂಥ ತಂತಿಯ ಸುರುಳಿ, ಅಂದರೆ ಕಾಯಿಲ್. ಇಸ್ತ್ರಿ ಪೆಟ್ಟಿಗೆಯ ಎಲಿಮೆಂಟಿನ ಪುಟ್ಟ ತಮ್ಮ ಎನ್ನಿ. ಕೊನೆಗೆ ಆ ಸುರುಳಿಗೆ ತಾಗಿಕೊಂಡಿರುವ ಹತ್ತಿ ಮತ್ತು ಅದು ಹೀರುವ ದ್ರವ. ಈ ದ್ರವದ ಪುಟ್ಟ ಡಬ್ಬಿಗೇ ‘ಪಾಡ್’ ಎನ್ನುವುದು. ಕಾಯಿಲಿನ ರೋಧ ಸುಮಾರು 1 ಓಮ್ ಎಂದಿಟ್ಟುಕೊಳ್ಳಿ. ಓಮ್ ನಿಯಮ ಹಾಕಿ ನೋಡಿ: 3.7 ಆಂಪಿಯರ್, ಹೆಚ್ಚುಕಡಿಮೆ 14 ವ್ಯಾಟ್. ಅಷ್ಟು ಶಕ್ತಿ ಅಂಥ ಸಣ್ಣ ತಂತಿಯ ಮೇಲೆ ಬಿದ್ದರೆ ಒಂದೆರಡು ಸೆಕೆಂಡಿನಲ್ಲಿ ಉಷ್ಣತೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ.

ಹೊರಬರುವುದನ್ನು ಎಲ್ಲರೂ ‘ಆವಿ’ ಎನ್ನುತ್ತಾರೆ. ಅದು ಆವಿಯಲ್ಲ. ಬಿಸಿಯಾದ ದ್ರವ ತಣ್ಣಗಾಗುತ್ತಾ ಕಟ್ಟಿಕೊಂಡ ಅತಿ ಸೂಕ್ಷ್ಮ ಹನಿಗಳು, ಮಂಜಿನಂತೆ. ಹನಿಗಳು ಹನಿಗಳಾಗಿಯೇ ಒಳಗೆ ಹೋಗಿ ಶ್ವಾಸಕೋಶದ ಗೋಡೆಯ ಮೇಲೆ ಕೂರುತ್ತವೆ. (ರಂಜಾನ್ ತಿಂಗಳಲ್ಲಿ ಒಬ್ಬ ಹುಡುಗ, “ಸರ್, ಇದು ಬರೀ ಗಾಳಿ ಅಲ್ವಾ?” ಎಂದು ಕೇಳಿದ. ಉಪವಾಸದ ಪ್ರಶ್ನೆಯನ್ನು ಉಲಮಾಗಳಲ್ಲಿ ಕೇಳಪ್ಪ, ಅದು ಗಾಳಿಯಲ್ಲ ಎಂಬುದನ್ನು ಮಾತ್ರ ನಾನು ಬರೆದು ಕೊಡುತ್ತೇನೆ ಎಂದೆ.)

ಇನ್ನು ತೊಂದರೆಗಳು. ಇದನ್ನು ಬಳಸುವವರು ಅತಿ ಹೆಚ್ಚು ದೂರುವುದು ಸೀದ ರುಚಿಯ ಬಗ್ಗೆ. ನಿಮ್ಮ ಅಜ್ಜಿಯ ಮನೆಯಲ್ಲಿ ಲಾಟೀನು ಇತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಎಣ್ಣೆ ಇರುವವರೆಗೆ ಉರಿಯುವುದು ಎಣ್ಣೆ. ಎಣ್ಣೆ ಮುಗಿದ ಮೇಲೆ ಉರಿಯುವುದು ಬತ್ತಿ. ಇಲ್ಲೂ ಅದೇ ಕಥೆ. ಹತ್ತಿ ಒದ್ದೆಯಾಗಿರುವವರೆಗೆ ದ್ರವವೇ ಉಷ್ಣತೆಗೆ ಕಡಿವಾಣ ಹಾಕಿರುತ್ತದೆ, ಪಾತ್ರೆಯಲ್ಲಿ ನೀರಿರುವಷ್ಟು ಹೊತ್ತು ಪಾತ್ರೆ ಸುಡದಂತೆ. ಪಾಡ್ ಖಾಲಿಯಾಗುತ್ತಾ ಬಂದಾಗ, ಅಥವಾ ಬಿಡುವು ಕೊಡದೆ ಎಳೆದಾಗ, ಹತ್ತಿಗೆ ದ್ರವ ಹೀರಲು ಸಮಯ ಸಾಲದು. ಒಣಗಿದ ಜಾಗದಲ್ಲಿ ತಂತಿಯ ಉಷ್ಣತೆ ಸರ್ರನೆ ಏರುತ್ತದೆ, ಹತ್ತಿ ಕರಕಲಾಗುತ್ತದೆ.

ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದು 188 ಡಿಗ್ರಿಯಲ್ಲಿ ಕುದಿಯುತ್ತದೆ, ಎರಡನೆಯದು 290ರಲ್ಲಿ. ಅತಿಯಾಗಿ ಕಾದ ಗ್ಲಿಸರಿನ್ ಒಡೆದು ಅಕ್ರೋಲಿನ್ ಎಂಬ ಅನಿಲ ಹುಟ್ಟುತ್ತದೆ. ಅದು ನಿಮಗೆ ಅಪರಿಚಿತವಲ್ಲ: ಬಾಣಲೆಯಲ್ಲಿ ಎಣ್ಣೆ ಸೀದಾಗ ಅಡುಗೆಮನೆಯಲ್ಲಿ ಕಣ್ಣು ಉರಿಸಿ ಕೆಮ್ಮು ತರಿಸುವ ಹೊಗೆಯಲ್ಲಿ ಇರುವುದು ಅದೇ. ಜೊತೆಗೆ ಫಾರ್ಮಾಲ್ಡಿಹೈಡ್ ಕೂಡ ಉಂಟಾಗುತ್ತದೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆಯನ್ನು ಕೆಡದಂತೆ ಇಟ್ಟಿರುತ್ತಾರಲ್ಲ, ಆ ದ್ರಾವಣದಲ್ಲಿರುವ ರಾಸಾಯನಿಕ.

ಇದಕ್ಕೆ ಹುಡುಗರು ತಮ್ಮತಮ್ಮಲ್ಲೇ ಹೇಳಿಕೊಳ್ಳುವ ಪರಿಹಾರ ಗೊತ್ತೇ ಇದೆ: ದ್ರವ ತುಂಬಿಸಿ ಹತ್ತು ನಿಮಿಷ ಬಿಡು, ನಿಧಾನವಾಗಿ ಎಳೆ. ಯಂತ್ರದ ದೃಷ್ಟಿಯಿಂದ ಅದು ಸರಿಯಾದ ಪರಿಹಾರವೇ. ಆದರೆ ಕರಕಲಾದ ಹತ್ತಿ ಮತ್ತೆ ಬಿಳಿಯಾಗುವುದಿಲ್ಲ. ಇನ್ನೊಂದು ಮಾತು. ಗಂಟಲಿಗೆ ಗೊತ್ತಾಗುವಷ್ಟು ಸೀದಾಗ ಮಾತ್ರ ನೀವು ನಿಲ್ಲಿಸುತ್ತೀರಿ. ಸ್ವಲ್ಪವೇ ಸೀದದ್ದನ್ನು ಮಾವಿನಹಣ್ಣಿನ ಪರಿಮಳವೋ ಪುದೀನದ ತಂಪೋ ಮುಚ್ಚಿಹಾಕುತ್ತದೆ.

ಎರಡನೆಯ ತೊಂದರೆ ಗುಳುಗುಳು ಸದ್ದು ಮತ್ತು ಸೋರುವುದು. ಜೋರಾಗಿ ಎಳೆದರೆ ಕಾಯಿಲಿನ ಕೋಣೆಯೊಳಗೆ ದ್ರವ ತುಂಬಿಕೊಳ್ಳುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ದ್ರವ ತೆಳ್ಳಗಾಗಿ ಸೋರುತ್ತದೆ. ವಿಮಾನದಲ್ಲಿ ಇನ್ನೂ ಹೆಚ್ಚು: ಹಾರುವಾಗ ಒಳಗಿನ ಗಾಳಿಯ ಒತ್ತಡ ನೆಲಮಟ್ಟದ ಮುಕ್ಕಾಲು ಪಾಲಿಗೆ ಇಳಿಯುತ್ತದೆ, ಪಾಡ್‌ನಲ್ಲಿರುವ ಗಾಳಿ ಹಿಗ್ಗಿ ದ್ರವವನ್ನು ಹೊರಗೆ ತಳ್ಳುತ್ತದೆ. ಬಾಯ್ಲ್ ನಿಯಮ ಪಿಯುಸಿಯಲ್ಲಿ ಓದಿದ್ದೀರಿ.

ಸೋರಿದರೆ ಒರೆಸಿಕೊಂಡರಾಯಿತು ಎಂದು ತಿಳಿಯಬೇಡಿ. ಆ ದ್ರವದಲ್ಲಿ ನಿಕೋಟಿನ್ ಇದೆ, ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಮಿತಿ. ಬೇರೆಡೆಗಳಿಂದ ಬರುವವುಗಳಲ್ಲಿ 50 ಇರುವುದೂ ಉಂಟು. ಹಾಗಾದರೆ 2 ಮಿಲಿಲೀಟರಿನ ಪಾಡ್‌ನಲ್ಲಿ 100 ಮಿಲಿಗ್ರಾಂ. ಸಿಹಿ ವಾಸನೆ, ಬಣ್ಣಬಣ್ಣದ ಹೊದಿಕೆ. ಮನೆಯಲ್ಲಿ ಎರಡು ವರ್ಷದ ಮಗುವಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ಬಾಯಿಗೇ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಓಡಿ, ಪಾಡ್ ಅನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ. ಮನೆಯ ಮಾನ ಹೋಗುತ್ತದೆಂದು ಆ ಹೊತ್ತಿನಲ್ಲಿ ಮುಚ್ಚಿಡಬೇಡಿ. ಇಡೀ ಭಾಷಣದಲ್ಲಿ ತಾಯಂದಿರು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಲಿ.

ದೀಪ ಮಿನುಗುತ್ತದೆ, ಯಂತ್ರ ಕೆಲಸ ಮಾಡುವುದಿಲ್ಲ ಎಂಬುದು ಸಣ್ಣ ವಿಷಯ. ಚಾರ್ಜ್ ಇಳಿದಿರುತ್ತದೆ, ಇಲ್ಲವೇ ಪಾಡ್ ಮತ್ತು ಬ್ಯಾಟರಿ ಕೂಡುವ ಕಡೆ ಅಂಟು ಕೂತಿರುತ್ತದೆ, ಇಲ್ಲವೇ ಷಾರ್ಟ್ ಆಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇದರ ವಿರುದ್ಧದ ತೊಂದರೆ: ಸೋರಿದ ದ್ರವ ಸೆನ್ಸರ್‌ಗೆ ತಲುಪಿದರೆ ಯಾರೂ ಎಳೆಯದಿದ್ದರೂ ಯಂತ್ರ ತಾನೇ ಉರಿಯತೊಡಗುತ್ತದೆ. ಅದೂ ಜೇಬಿನೊಳಗೆ.

ಇಲ್ಲಿಂದ ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ. ಒಂದು ಸಲ ಒಬ್ಬ ವಿದ್ಯಾರ್ಥಿ ನಮ್ಮ ಪ್ರಯೋಗಾಲಯಕ್ಕೆ ಬಂದು, “ಸರ್, ಇದಕ್ಕೆ ಚಾರ್ಜ್ ಆಗೋ ಹಾಗೆ ಮಾಡಿಕೊಡ್ತೀರಾ?” ಎಂದ. ಅದು ಬಳಸಿ ಬಿಸಾಡುವ ಮಾದರಿ, ಚಾರ್ಜ್ ಮಾಡುವ ಕಿಂಡಿಯೇ ಇಲ್ಲ. ಮೊಬೈಲ್ ಚಾರ್ಜರಿನ ತಂತಿ ಸುಲಿದು ನೇರವಾಗಿ ಬ್ಯಾಟರಿಗೆ ಮುಟ್ಟಿಸಿದ್ದ. ಬ್ಯಾಟರಿ ಹೊಟ್ಟೆಯುಬ್ಬರ ಬಂದವರಂತೆ ಉಬ್ಬಿತ್ತು. ಇಂಥ ಬ್ಯಾಟರಿಯನ್ನು 4.2 ವೋಲ್ಟ್‌ಗಿಂತ ಮೇಲಕ್ಕೆ ಚಾರ್ಜ್ ಮಾಡಬಾರದು. ಚಾರ್ಜರಿನಿಂದ ಬರುವುದು 5 ವೋಲ್ಟ್. ನಡುವೆ ತಡೆಯುವ ಸರ್ಕ್ಯೂಟ್ ಇಲ್ಲದಿದ್ದರೆ ಒಳಗಿನ ರಾಸಾಯನಿಕಗಳು ಒಡೆದು ಅನಿಲವಾಗುತ್ತವೆ, ಎರಡು ಧ್ರುವಗಳ ನಡುವಿನ ತೆಳು ಪೊರೆ ಹರಿಯುತ್ತದೆ, ಆಮೇಲೆ ಬಿಸಿ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ನಿಲ್ಲಿಸುವ ಸ್ವಿಚ್ ಇಲ್ಲ. ಅಮೆರಿಕದಲ್ಲಿ 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ಹೀಗೆ ಯಂತ್ರ ಸಿಡಿದು ಇಬ್ಬರು ಸತ್ತಿದ್ದಾರೆ. ಅಂಥವು ಅಪರೂಪ, ನಿಜ. ಜೇಬಿನಲ್ಲೇ ಸುಟ್ಟು ತೊಡೆಗೆ ಗಾಯವಾದವರು ಅದಕ್ಕಿಂತ ಬಹಳ ಹೆಚ್ಚು. ವಿಮಾನದ ಚೆಕ್-ಇನ್ ಲಗೇಜಿನಲ್ಲಿ ಇದನ್ನು ಇಡಬಾರದೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2015ರಲ್ಲೇ ನಿಯಮ ಮಾಡಿದ್ದು ಈ ಬೆಂಕಿಯ ಭಯದಿಂದಲೇ.

ಆ ಹುಡುಗನಿಗೆ ನಾನು ಬೈಯಲಿಲ್ಲ. ಅವನ ಕೈಯಲ್ಲಿ ಕುಶಲತೆ ಇದೆ, ಅದು ಹೋಗಬೇಕಾದ ದಾರಿ ಬೇರೆ ಅಷ್ಟೆ. ಆದರೆ ಒಂದು ಪ್ರಶ್ನೆ ಕೇಳಿದೆ: “ಮೊದಲ ಸಲ ಎಳೆದಾಗ ಕೆಮ್ಮು ಬಂತಾ?” “ಇಲ್ಲ ಸರ್, ಅದಕ್ಕೇ ಇಷ್ಟ ಆಯ್ತು” ಎಂದ.

ಈ ಉತ್ತರದಲ್ಲೇ ಎಲ್ಲವೂ ಇದೆ. ಸಾಮಾನ್ಯ ನಿಕೋಟಿನ್ ಕ್ಷಾರ ಗುಣದ್ದು, ಹೆಚ್ಚಾದರೆ ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ. ಕೆಮ್ಮು ನಮ್ಮ ದೇಹದ ಕಾವಲುಗಾರ. ಅದಕ್ಕೆ ಬೆಂಝೋಯಿಕ್ ಆಮ್ಲ ಸೇರಿಸಿ ‘ನಿಕೋಟಿನ್ ಸಾಲ್ಟ್’ ಮಾಡಿದರೆ ಕೆರೆತ ಹೋಗುತ್ತದೆ. ಎಷ್ಟು ತೀಕ್ಷ್ಣವಾದದ್ದನ್ನೂ ಹಾಯಾಗಿ ಎಳೆಯಬಹುದು. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಈ ತಂತ್ರವನ್ನು ಜನಪ್ರಿಯಗೊಳಿಸಿತು. 2019ರ ಹೊತ್ತಿಗೆ ಅಲ್ಲಿನ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಶೇಕಡ 27.5 ಮಂದಿ ಹಿಂದಿನ ಒಂದು ತಿಂಗಳಲ್ಲಿ ಇ-ಸಿಗರೇಟು ಸೇದಿದ್ದರು. ಮುಂದೆ ಅಂಕಿ ಇಳಿಯಿತು, 2024ರಲ್ಲಿ ಶೇಕಡ 7.8. ನೋಡಿ, ಯಂತ್ರದ ಉಳಿದೆಲ್ಲ ತೊಂದರೆಗಳೂ ಕೆಟ್ಟಾಗ ಗೊತ್ತಾಗುತ್ತವೆ. ಇದು ಮಾತ್ರ ಯಂತ್ರ ಚೆನ್ನಾಗಿ ಕೆಲಸ ಮಾಡುವಾಗ ಆಗುವ ತೊಂದರೆ.

“ಆಹಾರದಲ್ಲಿ ಬಳಸುವ ಪರಿಮಳವೇ ಅಲ್ಲವೇ?” ಎನ್ನುವವರಿಗೆ ಒಂದು ಘಟನೆ ಹೇಳುತ್ತೇನೆ. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ತಿನ್ನಲು ನಿರಪಾಯಕಾರಿ. ಆದರೆ ಅಮೆರಿಕದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ದಿನವೂ ಅದನ್ನು ಉಸಿರಾಡುತ್ತಿದ್ದ ಕೆಲಸಗಾರರ ಶ್ವಾಸಕೋಶ ವಾಸಿಯಾಗದಂತೆ ಹಾಳಾದದ್ದು 2000ದಲ್ಲಿ ಬೆಳಕಿಗೆ ಬಂತು. ಹೊಟ್ಟೆಗೆ ಹೋಗುವ ದಾರಿ ಬೇರೆ, ಎದೆಗೆ ಹೋಗುವ ದಾರಿ ಬೇರೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ಹಠಾತ್ತನೆ ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು ದಾಖಲಾದವು. ಕಾರಣ ಮುಖ್ಯವಾಗಿ ಕಳ್ಳಪೇಟೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಅಂಗಡಿಯ ನಿಕೋಟಿನ್ ದ್ರವವಲ್ಲ ಎಂದು ಸಮಾಧಾನಪಡಬಹುದಿತ್ತು. ಆದರೆ ನಮ್ಮ ದೇಶದಲ್ಲಿ ಮಾರಾಟವಾಗುವುದೆಲ್ಲವೂ ಕಳ್ಳಪೇಟೆಯದೇ. ಪೊಟ್ಟಣದ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ಸಂಬಂಧವಿದೆಯೇ ಎಂದು ಪರೀಕ್ಷಿಸುವ ಅಧಿಕಾರಿ ಯಾರೂ ಇಲ್ಲ.

ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ವೈದ್ಯರೇ ಇದನ್ನು ಸೂಚಿಸುತ್ತಾರಲ್ಲ ಎಂದು ನೀವು ಕೇಳಬಹುದು. ಹೌದು. ಸಿಗರೇಟಿಗಿಂತ ಇದರ ಹಾನಿ ಕಡಿಮೆ, ಬಿಡಲು ನೆರವಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಅದು ಈಗಾಗಲೇ ಸೇದುತ್ತಿರುವ ವಯಸ್ಕರಿಗೆ, ಸರ್ಕಾರ ನಿಯಂತ್ರಿಸುವ ದ್ರವದ ವಿಷಯದಲ್ಲಿ ಹೇಳುವ ಮಾತು. ಅಲ್ಲೂ ಮಕ್ಕಳ ಕೈಗೆ ಹೋಗುತ್ತಿದೆ, ಕಸ ಹೆಚ್ಚುತ್ತಿದೆ ಎಂದು ಬಳಸಿ ಬಿಸಾಡುವ ಮಾದರಿಯನ್ನು 2025ರ ಜೂನ್ 1ರಿಂದ ನಿಷೇಧಿಸಿದ್ದಾರೆ. ಬೀಡಿ ಸಿಗರೇಟು ಬಿಡಬೇಕೆನ್ನುವ ಹಿರಿಯರಿಗೆ ನಮ್ಮಲ್ಲಿ ನಿಕೋಟಿನ್ ಚ್ಯೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. 1800-112-356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ. ವೇಪ್ ಅಂಟಿಸಿಕೊಂಡ ಹುಡುಗರೂ ಕರೆ ಮಾಡಬಹುದು.

ಕೊನೆಯದಾಗಿ, ಇವತ್ತೇ ಬ್ಯಾಗಿನಲ್ಲಿ ಒಂದನ್ನು ಇಟ್ಟುಕೊಂಡು ಕುಳಿತವರಿಗೆ. ಕೈ ಎತ್ತಬೇಕಾಗಿಲ್ಲ. ಅದನ್ನು ಒಲೆಗೆ ಹಾಕಬೇಡಿ, ಕಲ್ಲಿನಿಂದ ಜಜ್ಜಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಕಸದ ಲಾರಿಯಲ್ಲಿ ನಜ್ಜುಗುಜ್ಜಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಪಾಡ್ ಬೇರ್ಪಡಿಸಲು ಬರುವುದಾದರೆ ಬೇರ್ಪಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸಾಬೂನು ಹಾಕಿ ಕೈ ತೊಳೆದುಕೊಳ್ಳಿ. ಬ್ಯಾಟರಿಯ ಲೋಹದ ತುದಿಗಳಿಗೆ ಟೇಪು ಸುತ್ತಿ. ಉಬ್ಬಿದ್ದರೆ ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಮನೆಯ ಹೊರಗಿಡಿ. ನಮ್ಮ ಪ್ರಯೋಗಾಲಯದ ಬಾಗಿಲ ಬಳಿ ಅಂಥದೊಂದು ಡಬ್ಬಿ ಇಟ್ಟಿದ್ದೇವೆ. ಯಾರದು ಎಂದು ಯಾರೂ ಕೇಳುವುದಿಲ್ಲ. ತುಂಬಿದ ಮೇಲೆ ಹಳೆಯ ಮೊಬೈಲ್ ಬ್ಯಾಟರಿಗಳ ಜೊತೆ ಇ-ತ್ಯಾಜ್ಯ ಒಯ್ಯುವವರಿಗೆ ಕೊಡುತ್ತೇವೆ.