ಕಡಿದ ಸ್ನಾಯುರಜ್ಜು ಕೂಡುವ ಬಗೆ



ಈ ಕಾಗದನಗರವು ಕಾಯಕದಿಂದ ಬಾಳುವವರ ಊರು. ಬೆರಳನ್ನು ಮಡಿಸುವ ಸ್ನಾಯುರಜ್ಜುವು ಕಡಿದುಹೋದರೆ ಇಲ್ಲಿ ಒಂದು ಸಂಸಾರದ ಅನ್ನವೇ ಹೋದಂತೆ. ಜನರು ಅದನ್ನು ನರವೆನ್ನುವರು. ನಿಜಕ್ಕೂ ಅದು ಮಾಂಸಖಂಡದ ಬಲವನ್ನು ಎಲುಬಿಗೆ ಮುಟ್ಟಿಸುವ ಹಗ್ಗ.

ಅಂಥ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡ ಕೂಲಿಗಾರನೊಬ್ಬನನ್ನು ನಾನು ಬಲ್ಲೆನು. ಅಲುಗಿಸಿದರೆ ಹೊಲಿಗೆ ಬಿಚ್ಚೀತೆಂಬ ಭಯದಿಂದ ಅವನು ತಿಂಗಳುಗಟ್ಟಲೆ ಕಟ್ಟು ಬಿಚ್ಚಲಿಲ್ಲ. ರಜ್ಜುವೇನೋ ಕೂಡಿತು, ಆದರೆ ಸುತ್ತಣ ಪೊರೆಗೆ ಅಂಟಿಕೊಂಡು, ಬೆರಳು ಮತ್ತೆ ಮಡಿಯಲೇ ಇಲ್ಲ. ಅವನು ಮಾಡಿದ ತಪ್ಪಾದರೂ ಏನು? ಹಿರಿಯರು ಹೇಳಿದ ವಿಶ್ರಾಂತಿಯನ್ನೇ ಅಲ್ಲವೆ ಪಾಲಿಸಿದುದು?

ಗಾಯವಾದೊಡನೆ ರಕ್ತದ ಕಿರುತಟ್ಟೆಗಳಿಂದಲೂ ಜೀವಕೋಶಗಳಿಂದಲೂ ಕೆಲವು ಪ್ರೋಟೀನುಗಳು ಹೊರಬೀಳುವುವು. ಇವಕ್ಕೆ ಬೆಳವಣಿಗೆಯ ಅಂಶಗಳೆಂದು ಹೆಸರು. ಒಂದು ಹೊಸ ರಕ್ತನಾಳಗಳನ್ನು ಚಿಗುರಿಸುವುದು. ಇನ್ನೊಂದು ಕೋಶಗಳನ್ನು ಗಾಯದೆಡೆಗೆ ಕರೆಯುವುದು. ಟಿಜಿಎಫ್-ಬೀಟಾ ಎಂಬುದು ಕೊಲ್ಲಾಜೆನ್ ಎಂಬ ನಾರನ್ನು ಹುಟ್ಟಿಸುವುದು. ಅತಿಯಾದರೆ ಇದೇ ಕಲೆಗಟ್ಟಿಸಿ ರಜ್ಜುವನ್ನು ಅಂಟಿಸುವುದೂ ಉಂಟು. ಮೊದಲ ವಾರಗಳಲ್ಲಿ ಹುಟ್ಟಿದ ನಾರಿಗೆ ಮಾತ್ರ ದಿಕ್ಕೆಂಬುದಿಲ್ಲ.

1936ರಲ್ಲಿ ಸ್ಥಾಪಿತವಾದ ಇಲ್ಲಿಯ ಮೈಸೂರು ಕಾಗದದ ಕಾರ್ಖಾನೆಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಳಿನ ನೀರಿನಲ್ಲಿ ನಾರುಗಳು ಎತ್ತೆತ್ತಲೋ ತೇಲುವುವು. ಯಂತ್ರದ ಓಟಕ್ಕೂ ಸೆಳೆತಕ್ಕೂ ಸಿಕ್ಕಿ ಹೆಚ್ಚಿನವು ಒಂದೇ ಕಡೆಗೆ ಸಾಲುಗೊಂಡಾಗ ಆ ದಿಕ್ಕಿನಲ್ಲಿ ಹಾಳೆಯು ಬಲವಾಗುವುದು. ರಜ್ಜುವಿನ ಕೋಶಗಳೂ ಹಾಗೆಯೇ, ಮಿತವಾದ ಸೆಳೆತವನ್ನು ಅರಿತು, ನಾರನ್ನು ಅದರ ಜಾಡಿನಲ್ಲಿ ಹಾಸುವುವು. ಕಾಗದಕ್ಕೆ ಕ್ಷಣ ಸಾಕು. ರಜ್ಜುವಿಗೆ ವರ್ಷ ಮೀರಿದರೂ ಮೀರೀತು.

ಸೆಳೆತವು ಮಿತಿಮೀರಿದರೆ ಹೊಲಿಗೆ ಬಿರಿಯುವುದಷ್ಟೆ. ಅದಕ್ಕಾಗಿಯೇ 1960ರ ದಶಕದಲ್ಲಿ ಅಮೆರಿಕದ ಕ್ಲೈನರ್ಟ್ ಎಂಬ ಶಸ್ತ್ರವೈದ್ಯರು ಬೆರಳ ತುದಿಗೆ ರಬ್ಬರಿನ ಎಳೆ ಕಟ್ಟಿಸಿದರು. ಬೆರಳನ್ನು ಚಾಚುವ ಕೆಲಸ ರೋಗಿಯದು. ಮಡಿಸುವ ಕೆಲಸ ರಬ್ಬರಿನದು.

ರಕ್ತದ ಕಿರುತಟ್ಟೆಗಳ ಸಾರವನ್ನು ಸೂಜಿಯಿಂದ ಕೊಟ್ಟರೆ ಸಾಲದೆ ಎಂದು ಕೇಳುವವರುಂಟು. 2010ರಲ್ಲಿ ಪ್ರಕಟವಾದ ಹಾಲೆಂಡಿನ ಪರೀಕ್ಷೆಯಲ್ಲಿ ಹಿಮ್ಮಡಿಯ ರಜ್ಜು ಬಹುಕಾಲದಿಂದ ನೋಯುತ್ತಿದ್ದ 54 ಮಂದಿಗೆ ವ್ಯಾಯಾಮ ಮಾಡಿಸಿ, ಅರ್ಧದಷ್ಟು ಜನರಿಗೆ ಈ ಸಾರವನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಚುಚ್ಚಿದರು. 24 ವಾರಗಳ ಮೇಲೆ ನೋಡಲು ಸಾರವು ಉಪ್ಪುನೀರಿಗಿಂತ ಮೇಲಾಗಿ ಕಾಣಲಿಲ್ಲ. ದುಬಾರಿ ಸೂಜಿಮದ್ದಿಗೆ ಸಾಲ ಮಾಡುವ ಮುನ್ನ ಇದನ್ನು ನೆನೆಯಬೇಕು.

ಹೊಲಿಗೆ ಬಿದ್ದ ದಿನವೇ, ಬೆರಳನ್ನು ಎಂದಿನಿಂದ ಎಷ್ಟು ಅಲುಗಿಸಬೇಕೆಂದು ಶಸ್ತ್ರವೈದ್ಯರನ್ನು ಕೇಳಿರಿ. ನಾನು ಹೇಳಿದ ಕೂಲಿಗಾರನು ಕೇಳಲಿಲ್ಲ. ಅವನಿಗೆ ಯಾರೂ ಹೇಳಲೂ ಇಲ್ಲ.