ಗಿಳಿಪಾಠವೂ ಪದಕೋಶವೂ

(ಇಂಗ್ಲಿಷ್ ಪದಗಳ ಕಲಿಕೆಯನ್ನು ಕುರಿತ ಉಪನ್ಯಾಸದ ಬರಹರೂಪ)



ಇಂಗ್ಲಿಷಿನ ಕಠಿಣ ಪದಗಳನ್ನು ಕಲಿಯುವುದು ಹೇಗೆಂಬ ಪ್ರಶ್ನೆ ಬೆಂಗಳೂರು, ಧಾರವಾಡಗಳ ಕೋಚಿಂಗ್ ಕೇಂದ್ರಗಳಿಗೆ ಸೇರಿದ್ದು, ನೀಲಗುಂದದಂಥ ಊರಿಗೂ ಅದಕ್ಕೂ ಏನು ಸಂಬಂಧ ಎಂದು ಅನೇಕರಿಗೆ ಅನ್ನಿಸಬಹುದು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಅಚ್ಚಾದ ಮೊದಲ ದೊಡ್ಡ ಇಂಗ್ಲಿಷ್–ಕನ್ನಡ ನಿಘಂಟು ಹುಟ್ಟಿದ್ದು ಮೈಸೂರಿನಲ್ಲಲ್ಲ, ಮಂಗಳೂರಿನಲ್ಲೂ ಅಲ್ಲ. ಇದೇ ಬಳ್ಳಾರಿ ಸೀಮೆಯಲ್ಲಿ ಬದುಕಿ, ಇಲ್ಲಿನ ಜನರ ಮಾತನ್ನು ಕಿವಿಗೊಟ್ಟು ಕೇಳಿದ ಒಬ್ಬ ಪಾದ್ರಿಯ ಕೈಯಲ್ಲಿ.

1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದ. ಕೆಲವು ವರ್ಷಗಳ ತರುವಾಯ ವಿಲಿಯಂ ರೀವ್ ಬಂದು ಅವನ ಜತೆಗೂಡಿದ. ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಇಂದು ಎಲ್ಲರ ಬಾಯಲ್ಲಿರುವ ಕಿಟೆಲ್ ಕೋಶ ಬಂದದ್ದು 1894ರಲ್ಲಿ, ಎಂದರೆ ಅದಾದ 62 ವರ್ಷಗಳ ಮೇಲೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗ ಕಠಿಣ ಪದಗಳ ಮುಂದೆ ತಡವರಿಸುತ್ತಿದ್ದವನು ಇಂಗ್ಲಿಷಿನವನು. ಬಿತ್ತನೆ, ಕುಂಟೆ, ಕಣ, ರಾಶಿ, ಕಂದಾಯ ಇವುಗಳ ಅರ್ಥ ತಿಳಿಯದೆ ಅವನ ಧರ್ಮಬೋಧೆಯೂ ಸಾಗುತ್ತಿರಲಿಲ್ಲ, ಅವನವರ ಆಡಳಿತವೂ ಸಾಗುತ್ತಿರಲಿಲ್ಲ. ಸ್ಥಳೀಯ ಪಂಡಿತರ, ಸಾಮಾನ್ಯರ ನೆರವಿಲ್ಲದೆ ಇಂಥ ಕೆಲಸ ಆಗುವಂಥದ್ದಲ್ಲ. ಮುಖಪುಟದಲ್ಲಿ ಉಳಿದ ಹೆಸರು ಮಾತ್ರ ಒಬ್ಬರದು. ಯಾವ ಭಾಷೆಯ ಪದವೂ ತನ್ನಷ್ಟಕ್ಕೆ ಕಠಿಣವಲ್ಲ. ಯಾರು ಯಾರ ಮನೆ ಬಾಗಿಲಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಅದು ಕಠಿಣವಾಗುತ್ತದೆ, ಸುಲಭವಾಗುತ್ತದೆ.

ಕ್ಯಾಂಪ್‌ಬೆಲ್ ಕಂಡ ಶಾಲೆಗಳು

ಮನ್ರೋ ಮುಂದೆ ಮದ್ರಾಸಿನ ಗವರ್ನರಾದ. ಪ್ರಾಂತದ ಶಾಲೆಗಳ ಸ್ಥಿತಿಗತಿ ತಿಳಿಸಿರೆಂದು 1822ರಲ್ಲಿ ಕಲೆಕ್ಟರರಿಗೆಲ್ಲ ಬರೆದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಈಗ ಪ್ರಸಿದ್ಧವಾಗಿದೆ. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಅಂದರೆ ಸಾವಿರಕ್ಕೆ ಏಳರ ಆಸುಪಾಸು. ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಕನ್ನಡ ಶಾಲೆಗಳು 235, ತೆಲುಗು 226, ಸಂಸ್ಕೃತ ಮತ್ತು ಮರಾಠಿ ತಲಾ 23, ಪಾರ್ಸಿ 21, ತಮಿಳು 4. ಇಂಗ್ಲಿಷ್ ಕಲಿಸುವ ಶಾಲೆ ಇಡೀ ಜಿಲ್ಲೆಗೆ ಒಂದು!

ಅಂಕಿಗಳಿಗಿಂತ ಮುಖ್ಯವಾದ ಎರಡು ಮಾತುಗಳನ್ನು ಕ್ಯಾಂಪ್‌ಬೆಲ್ ಆ ವರದಿಯಲ್ಲಿ ಹೇಳಿದ್ದಾನೆ. ಮಕ್ಕಳು ನೂರಾರು ಪದ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ, ಅರ್ಥ ಮಾತ್ರ ಮಾತು ಕಲಿತ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿದಿರುತ್ತದೆ ಎಂಬುದು ಮೊದಲನೆಯದು. ಪಾಠದ ಭಾಷೆ ಬೇರೆ, ಆಡುವ ಭಾಷೆ ಬೇರೆಯಾದದ್ದೇ ಇದಕ್ಕೆ ಕಾರಣವೆಂದು ಅವನು ಗುರುತಿಸಿದ. ಎರಡನೆಯದು, ವಿಲಾಯತಿ ಸರಕು ಬಂದು ಇಲ್ಲಿನ ಕಸುಬುದಾರರ ಗಳಿಕೆ ಕುಗ್ಗಿತು, ಬಡತನ ಹೆಚ್ಚಿತು, ಮಕ್ಕಳನ್ನು ಶಾಲೆ ಬಿಡಿಸಿ ದುಡಿಮೆಗೆ ಹಚ್ಚುವುದು ತಂದೆತಾಯಿಗಳಿಗೆ ಅನಿವಾರ್ಯವಾಯಿತು ಎಂಬುದು. ಕಂಪನಿಯ ಅಧಿಕಾರಿಯೊಬ್ಬ ಇದನ್ನು ಒಪ್ಪಿ ಬರೆದದ್ದು ಸಣ್ಣ ಮಾತಲ್ಲ.

ಇನ್ನೂರು ವರ್ಷ ಕಳೆದಿವೆ. ಈ ತಾಲ್ಲೂಕು ಮದ್ರಾಸ್ ಪ್ರಾಂತದಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಬಂದಿದೆ. ಆದರೆ ಗಿಳಿ ಹಾರಿಹೋಗಿಲ್ಲ. ಅಂದು ಅರ್ಥವಾಗದ ಪದ್ಯವನ್ನು ಒಪ್ಪಿಸುತ್ತಿದ್ದ ಮಗು ಇಂದು ಅರ್ಥವಾಗದ ಇಂಗ್ಲಿಷ್ ಪದಗಳ ಪಟ್ಟಿಯನ್ನು ಒಪ್ಪಿಸುತ್ತದೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಚೆನ್ನಾಗಿ ಓದಿದ ಹುಡುಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮೊದಲ ತಿಂಗಳಲ್ಲೇ ತಾನು ದಡ್ಡಿ ಎಂದು ತೀರ್ಮಾನಿಸಿಬಿಡುತ್ತಾಳೆ. ಅವಳನ್ನು ಸೋಲಿಸುವುದು ವಿಷಯವಲ್ಲ, ಪದ.

ಎರಡು ಅಂತಸ್ತಿನ ಮನೆ

ಹಾಗಾದರೆ ಇಂಗ್ಲಿಷಿನ ಈ ದೊಡ್ಡ ಪದಗಳು ಎಲ್ಲಿಂದ ಬಂದವು? 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಅರಮನೆಯ, ನ್ಯಾಯಾಲಯದ ಭಾಷೆ ಫ್ರೆಂಚ್ ಆಯಿತು. ಮಠದ, ವಿದ್ಯೆಯ ಭಾಷೆ ಮೊದಲಿನಂತೆ ಲ್ಯಾಟಿನ್. ಹೊಲಮನೆಯ ಮಾತು ಮಾತ್ರ ಹಳೆಯ ಇಂಗ್ಲಿಷ್. ಹೀಗೆ ಅದು ಎರಡು ಅಂತಸ್ತಿನ ಮನೆಯಾಯಿತು. ಕೆಳಗೆ ಟೂತ್, ಮೇಲೆ ಡೆಂಟಲ್. ಕೆಳಗೆ ವಾಟರ್, ಮೇಲೆ ಅಕ್ವಾಟಿಕ್. ಕೆಳಗೆ ಬ್ರದರ್ಲಿ, ಮೇಲೆ ಫ್ರಟರ್ನಲ್.

ಇಂಥ ಮನೆ ಕನ್ನಡಿಗರಿಗೆ ಹೊಸದೇ? ಹಲ್ಲು ಕೆಳಗೆ, ದಂತ ಮೇಲೆ. ನೀರು ಕೆಳಗೆ, ಜಲ ಮೇಲೆ. ಅಣ್ಣತಮ್ಮ ಕೆಳಗೆ, ಭ್ರಾತೃ ಮೇಲೆ. ನೀಲಗುಂದದ ಭೀಮೇಶ್ವರ ದೇವಾಲಯ ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ಕಾಲದ ಅನೇಕ ಶಾಸನಗಳಲ್ಲಿ ದೇವರ, ದೊರೆಯ ಸ್ತುತಿ ಸಂಸ್ಕೃತದಲ್ಲಿರುತ್ತದೆ. ಹೊಲದ ಮೇರೆ, ಕೆರೆ, ಗಡಿಗಲ್ಲು ಬಂದಾಗ ಬರಹ ಕನ್ನಡಕ್ಕೆ ಇಳಿಯುತ್ತದೆ. ತಪ್ಪಿದರೆ ಜಗಳವಾಗುವ ಸಂಗತಿಯನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಬೇಕಷ್ಟೆ. ಮೇಲಿನ ಅಂತಸ್ತಿಗೆ ಏಣಿ ಹಾಕುವ ಕೆಲಸವೂ ಇಲ್ಲಿ ಹಳೆಯದು. ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಪದ್ಯರೂಪದ ಕೋಶವನ್ನು ನಾಗವರ್ಮ ಬರೆದ. ತದ್ಭವಗಳು ಹೇಗಾಗುತ್ತವೆಂದು ಕೇಶಿರಾಜ 13ನೇ ಶತಮಾನದಲ್ಲೇ ಸೂತ್ರ ಕಟ್ಟಿದ. ತತ್ಸಮ–ತದ್ಭವ ಓದಿದ ಮಗುವಿಗೆ ಇಂಗ್ಲಿಷಿನ ಪದರಚನೆಯ ಅರ್ಧ ಪಾಠ ಆಗಲೇ ಆಗಿದೆ. ಅದನ್ನು ಯಾರೂ ಅದಕ್ಕೆ ಹೇಳಿರುವುದಿಲ್ಲ, ಅಷ್ಟೇ.

ಇನ್ನೊಂದು ಅನುಕೂಲವೂ ಉಂಟು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಾರಿದ. ಕನ್ನಡ, ತಮಿಳು, ತೆಲುಗುಗಳದು ಬೇರೆಯದೇ ಕುಟುಂಬ ಎಂದು 1816ರಲ್ಲಿ ಮದ್ರಾಸಿನ ಎಫ್.ಡಬ್ಲ್ಯೂ. ಎಲ್ಲಿಸ್ ತೋರಿಸಿದ. ಎಲ್ಲಿಸನ ಆ ಬರಹ ಅಚ್ಚಾದದ್ದು, ಮುಂದೆ ಬಳ್ಳಾರಿಯ ಕಲೆಕ್ಟರಾದ ಇದೇ ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣದಲ್ಲಿ. ಆದ್ದರಿಂದ ಹಲ್ಲು, ನೀರು ಎಂಬ ನಮ್ಮ ನೆಲದ ಪದಗಳಿಗೆ ಇಂಗ್ಲಿಷಿನ ನಂಟಿಲ್ಲ. ಕನ್ನಡ ಎರವಲು ತಂದ ಸಂಸ್ಕೃತ ಪದಗಳಿಗೆ ಉಂಟು. ದಂತಕ್ಕೆ ಡೆಂಟಿಸ್ಟ್, ಪಾದಕ್ಕೆ ಪೆಡೆಸ್ಟ್ರಿಯನ್, ಅಗ್ನಿಗೆ ಇಗ್ನಿಷನ್, ಮರ್ತ್ಯಕ್ಕೆ ಮಾರ್ಟಲ್. ಬ್ಯಾಂಕಿನ ಕ್ರೆಡಿಟ್ ಎಂಬ ಮಾತಿನ ಮೂಲವಾದ ಲ್ಯಾಟಿನ್ ಧಾತುವಿಗೂ ನಮ್ಮ ಶ್ರದ್ಧೆಗೂ ಒಂದೇ ಬೇರು. ನಂಬಿಕೆ ಇಟ್ಟು ಕೊಡುವುದೇ ಸಾಲವಲ್ಲವೇ?

ಒಡೆದು ನೋಡುವ ವಿದ್ಯೆ

ಆ ಪಿ.ಯು.ಸಿ. ಹುಡುಗಿಯನ್ನು ಬೆದರಿಸುವ ಪದಗಳಲ್ಲಿ ಫೋಟೋಸಿಂಥೆಸಿಸ್ ಒಂದು. ಹೈಸ್ಕೂಲಿನಲ್ಲಿ ಅವಳು ದ್ಯುತಿಸಂಶ್ಲೇಷಣೆ ಎಂದು ಬರೆದು ಅಂಕ ಪಡೆದವಳೇ. ಎರಡನ್ನೂ ಒಡೆಯಬೇಕು. ದ್ಯುತಿ ಎಂದರೆ ಬೆಳಕು, ಫೋಟೋ ಎಂದರೂ ಬೆಳಕು. ಸಂ ಎಂದರೆ ಒಟ್ಟಿಗೆ, ಸಿನ್ ಎಂದರೂ ಒಟ್ಟಿಗೆ. ಶ್ಲೇಷಣೆ ಎಂದರೆ ಕೂಡಿಸುವುದು, ಥೆಸಿಸ್ ಎಂದರೆ ಇಡುವುದು. ಬೆಳಕಿನಿಂದ ಕೂಡಿಸಿಡುವುದು ಎಂದು ಎಲೆಯ ಕೆಲಸವೇ ಎದುರಿಗೆ ಬಂದು ನಿಲ್ಲುತ್ತದೆ. ಒಡೆಯದೆ ನುಂಗಿದರೆ ಕನ್ನಡದ ಪದವೂ ಗಿಳಿಪಾಠವೇ, ಇಂಗ್ಲಿಷಿನದೂ ಗಿಳಿಪಾಠವೇ.

ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಇಂಥ ಪದಗಳಿವೆ. ಹೊಲದ ಬದುವಿನಲ್ಲಿ ಸುಟ್ಟುಹೋಗುವುದೂ ಟಿ.ಸಿ., ಹೆಡ್‌ಮಾಸ್ಟರು ಕೊಡುವುದೂ ಟಿ.ಸಿ. ಒಂದು ಟ್ರಾನ್ಸ್‌ಫಾರ್ಮರ್, ಇನ್ನೊಂದು ಟ್ರಾನ್ಸ್‌ಫರ್ ಸರ್ಟಿಫಿಕೇಟು. ಎರಡರಲ್ಲೂ ಮೊದಲ ತುಂಡು ಟ್ರಾನ್ಸ್. ಆಚೆಗೆ, ದಾಟಿ ಎಂದು ಅದರ ಅರ್ಥ. ಇಷ್ಟು ತಿಳಿದರೆ ಸಸಿ ಕಿತ್ತು ಬೇರೆಡೆ ನೆಡುವ ಟ್ರಾನ್ಸ್‌ಪ್ಲಾಂಟ್, ಬೇಗ ದಾಟಿಹೋಗುವ ಟ್ರಾನ್ಸಿಯೆಂಟ್, ಆಚೆಯದು ಕಾಣುವ ಟ್ರಾನ್ಸ್‌ಪರೆಂಟ್ ತಾವಾಗಿ ಬಿಚ್ಚಿಕೊಳ್ಳುತ್ತವೆ. ಕೊನೆಯದಕ್ಕೆ ಕನ್ನಡದಲ್ಲಿ ಬಳಸುವ ಪಾರದರ್ಶಕ ಎಂಬ ಮಾತಿನ ಕಟ್ಟಡವೂ ಅದೇ.

ಇನ್ನು ಸಬ್ಸಿಡಿ. ಬೀಜಕ್ಕೆ, ಗೊಬ್ಬರಕ್ಕೆ, ಹನಿ ನೀರಾವರಿಗೆ ಸಬ್ಸಿಡಿ ಕೇಳದ ರೈತನಿಲ್ಲ. ರೋಮನರಲ್ಲಿ ಯುದ್ಧದ ವೇಳೆ ಹಿಂದೆ ಕಾಯ್ದು ಕುಳಿತ ಮೀಸಲು ಪಡೆಗೆ ಆ ಹೆಸರಿತ್ತು. ಸಬ್ ಎಂದರೆ ಅಡಿಯಲ್ಲಿ, ಹತ್ತಿರದಲ್ಲಿ; ಉಳಿದ ತುಂಡು ಕುಳಿತುಕೊಳ್ಳುವುದನ್ನು ಹೇಳುತ್ತದೆ. ಕಷ್ಟಕ್ಕೆ ಒದಗಲು ಬಳಿಯಲ್ಲೇ ಕುಳಿತಿರುವುದು ಸಬ್ಸಿಡಿ. ಸಂಸ್ಕೃತದ ಉಪ, ಸದ್ ಎಂಬವೂ ಇವಕ್ಕೆ ಒಡಹುಟ್ಟಿದವು. ಗುರುವಿನ ಬಳಿ ಕುಳಿತು ಕೇಳುವುದು ಉಪನಿಷತ್ತು ಎಂಬ ವಿವರಣೆ ಪ್ರಸಿದ್ಧ. ಸಬ್ಸಿಡಿಯೂ ಉಪನಿಷತ್ತೂ ದೂರದ ದಾಯಾದಿಗಳು ಎಂದರೆ ನಗು ಬರಬಹುದು, ಮಾತು ಮಾತ್ರ ನಿಜ. ಅದೇ ಧಾತುವಿನಿಂದ ಸಭೆ ಕೂರುವ ಸೆಷನ್, ಮುಂದೆ ಕೂರುವ ಪ್ರೆಸಿಡೆಂಟ್, ಕೆರೆಯ ತಳದಲ್ಲಿ ಕೂತ ಹೂಳಾದ ಸೆಡಿಮೆಂಟ್, ಕೂತೇ ಕಾಲ ಕಳೆಯುವ ಸೆಡೆಂಟರಿ ಬದುಕು ಎಲ್ಲವೂ ಬಂದಿವೆ. ಒಂದು ಬೇರು ಹಿಡಿದರೆ ಬಳ್ಳಿಯೇ ಕೈಗೆ ಬರುತ್ತದೆ.

ಹಾಗೆಂದು ಬೇರೊಂದೇ ಸಾಲದು. ಪದಗಳು ಊರು ಬಿಟ್ಟು ಊರಿಗೆ ಹೋದಂತೆ ಗುಣ ಬದಲಿಸುತ್ತವೆ. ಪುರಿಯ ಜಗನ್ನಾಥನ ಹೆಸರು ಇಂಗ್ಲಿಷಿಗೆ ಹೋಗಿ ಜಗ್ಗರ್‌ನಾಟ್ ಆಗಿ, ಎದುರಿಗೆ ಬಂದದ್ದನ್ನೆಲ್ಲ ತುಳಿಯುವ ದೈತ್ಯಶಕ್ತಿ ಎಂಬ ಅರ್ಥ ಪಡೆಯಿತು. ಇನ್ನು ಸ್ಯಾಂಕ್ಷನ್ ಎಂಬುದನ್ನು ನೋಡಿ. ಸಾಲ ಸ್ಯಾಂಕ್ಷನ್ ಆಯಿತೆಂದರೆ ಮಂಜೂರಾಯಿತು ಎಂದು ಸಂತೋಷ. ಒಂದು ದೇಶ ಇನ್ನೊಂದರ ಮೇಲೆ ಸ್ಯಾಂಕ್ಷನ್ ಹೇರಿತೆಂದರೆ ಅದು ನಿರ್ಬಂಧ, ಶಿಕ್ಷೆ. ಒಂದು ಪದಕ್ಕೆ ಒಂದೇ ಅರ್ಥ ಬರೆದು ಉರು ಹೊಡೆಯುವ ಪಟ್ಟಿ ಇಲ್ಲಿ ಮೋಸ ಮಾಡುತ್ತದೆ. ಪದ ನಿಂತ ವಾಕ್ಯವೇ ಅದರ ಅರ್ಥಕ್ಕೆ ಸಾಕ್ಷಿ.

ಮಾಡಬೇಕಾದದ್ದು

ಇದಕ್ಕೆ ಬೇಕಾದ ಸಲಕರಣೆ ದೊಡ್ಡದೇನಲ್ಲ. ಒಂದು ನೋಟುಪುಸ್ತಕ, ಒಂದು ನಿಘಂಟು. ದಿನಕ್ಕೆ ಐವತ್ತು ಪದ ಬೇಡ, ಐದು ಸಾಕು. ಪದ, ಅದು ಸಿಕ್ಕ ವಾಕ್ಯ, ಒಡೆದ ತುಂಡುಗಳು, ಕನ್ನಡದ ಅರ್ಥ, ಕೊನೆಗೆ ತನ್ನದೇ ಒಂದು ವಾಕ್ಯ, ಇಷ್ಟನ್ನು ಬರೆದುಕೊಳ್ಳಬೇಕು. ವಾರದ ಕೊನೆಗೆ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಬೇಕು. ನಿಘಂಟಿಗೆ ಕೊರತೆಯಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲೇ ಬಂದಿದೆ. ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರಿಸಿದ ಜಿ. ವೆಂಕಟಸುಬ್ಬಯ್ಯನವರು ಇಂಗ್ಲಿಷ್–ಕನ್ನಡ ನಿಘಂಟನ್ನೂ ಕೊಟ್ಟಿದ್ದಾರೆ. 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಜೀವನವಿಡೀ ಪದದ ಬೆನ್ನು ಹತ್ತಿದವರು. ಅಂಥವರೂ ನಿಘಂಟು ತೆರೆದು ನೋಡುತ್ತಿದ್ದರೆಂದ ಮೇಲೆ, ಅರ್ಥ ಗೊತ್ತಿಲ್ಲ ಎನ್ನಲು ಹತ್ತನೇ ತರಗತಿಯ ಮಗು ನಾಚಬೇಕಾದ್ದಿಲ್ಲ.

ಶಿಕ್ಷಕರೂ ತರಗತಿಯಲ್ಲಿ ಕನ್ನಡ ನುಸುಳಿದರೆ ಇಂಗ್ಲಿಷ್ ಕೆಡುತ್ತದೆಂಬ ಅಂಜಿಕೆಯನ್ನು ಬಿಡಬೇಕು. ಬಳ್ಳಾರಿಯ ಪಾದ್ರಿ ಕನ್ನಡ ಕಲಿತದ್ದು ತನ್ನ ಇಂಗ್ಲಿಷನ್ನು ಮರೆತಲ್ಲ, ಅದನ್ನು ಪಕ್ಕದಲ್ಲಿಟ್ಟುಕೊಂಡು. ಪುಟದ ಒಂದು ಬದಿಗೆ ಅವನ ಮಾತು, ಇನ್ನೊಂದು ಬದಿಗೆ ನಮ್ಮ ಮಾತು ಬರೆದುಕೊಂಡು ಅವನು ಎರಡು ದೊಡ್ಡ ಕೋಶ ಕಟ್ಟಿದ. ಆ ಹಕ್ಕು ಈ ಊರಿನ ಮಕ್ಕಳಿಗೂ ಉಂಟು.

1823ರ ವರದಿಯ ಎರಡು ದೂರುಗಳಲ್ಲಿ ಬಡತನದ್ದು ಒಂದು ತರಗತಿಯಲ್ಲಿ ಬಗೆಹರಿಯುವಂಥದ್ದಲ್ಲ. ಅದಕ್ಕೆ ಮಳೆ ಬರಬೇಕು, ಬೆಲೆ ಸಿಗಬೇಕು, ಸರ್ಕಾರ ಕಣ್ಣು ತೆರೆಯಬೇಕು. ಗಿಳಿಪಾಠದ ದೂರು ಹಾಗಲ್ಲ. ಅದನ್ನು ನಾಳೆ ಬೆಳಗಿನ ಮೊದಲ ಪೀರಿಯಡ್ಡಿನಲ್ಲೇ, ಒಂದು ಪದವನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳೆದುರು ಒಡೆಯುವ ಮೂಲಕ ತೀರಿಸಲು ಆರಂಭಿಸಬಹುದು.