ನೇರಳೆ ಹಣ್ಣಿನ ಕಾಬ್ಲರು: ಕೆಂಡದಲ್ಲಿ ಬೇಯಿಸುವ ಸಿಹಿ ತಿಂಡಿ



ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಹಿರಿಯೂರು ಸೀಮೆಯಲ್ಲಿ ನೇರಳೆ ಹಣ್ಣಿನ ಸುಗ್ಗಿ. ಯಲ್ಲದಕೆರೆ ಕಡೆ ಹಳ್ಳದ ದಂಡೆಗೋ ಹೊಲದ ಬದುವಿಗೋ ಒಂದು ಮರ ಇಟ್ಟುಕೊಂಡವರಿಗೆ ಇದರ ಪಾಡು ಗೊತ್ತು. ಮೊದಮೊದಲು ದಪ್ಪ ಹಣ್ಣು ಆರಿಸಿ ಪೇಟೆಗೆ ಕಳಿಸಬಹುದು. ಆಮೇಲೆ ಮರ ಒಟ್ಟಿಗೇ ಹಣ್ಣಾಗಿ ಬಿಡುತ್ತದೆ. ಕೊಳ್ಳುವವರು ಕಡಿಮೆ, ಮನೆಯಲ್ಲಿ ಬಿತ್ತನೆಯ ಗಡಿಬಿಡಿ. ಜಜ್ಜಿದ ಹಣ್ಣು ಒಂದೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ಬುಟ್ಟಿಗಟ್ಟಲೆ ತಿಪ್ಪೆಗೆ ಹೋಗುತ್ತದೆ. ಆ ಹಣ್ಣನ್ನು ಅದೇ ದಿನ ಮಕ್ಕಳ ತಟ್ಟೆಗೆ ತರುವ ಒಂದು ಉಪಾಯವನ್ನು ಇವತ್ತು ಹೇಳಬೇಕೆಂದಿದ್ದೇನೆ.

ಇದು ಅಡಿಗೆ ವಿಷಯ, ಹೆಂಗಸರಿಗೆ ಹೇಳಿದ್ದು ಅಂತ ಗಂಡಸರು ರೇಡಿಯೋ ಬಿಟ್ಟು ಎದ್ದು ಹೋಗಬೇಡಿ. ಮೊದಲ ಮಾತು ನಿಮಗೇ. ನೇರಳೆ ಕೊಂಬೆ ನೋಡೋದಕ್ಕೆ ದಪ್ಪ, ಆದರೆ ಬಲು ಪೆಡಸು. ಹುಣಸೆ ಕೊಂಬೆಯ ಹಾಗೆ ಬಾಗಿ ಎಚ್ಚರಿಕೆ ಕೊಡೋದಿಲ್ಲ, ಲಟಕ್ಕನೆ ಮುರಿಯುತ್ತದೆ. ಮಳೆ ಬಿದ್ದ ಮೇಲಂತೂ ತೊಗಟೆ ಜಾರುತ್ತದೆ. ನಾಲ್ಕು ಸೇರು ಹಣ್ಣಿಗೋಸ್ಕರ ಸೊಂಟ ಮುರಿದುಕೊಂಡು ಮಲಗಿದರೆ ಆ ವರ್ಷದ ಬಿತ್ತನೆಯೇ ನಿಂತು ಹೋಗುತ್ತದೆ. ಹುಡುಗರನ್ನು ಹತ್ತಿಸಲೇಬೇಡಿ. ಮರದ ಕೆಳಗೆ ಹಳೆಯ ಸೀರೆಯನ್ನೋ ಬಲೆಯನ್ನೋ ನಾಲ್ಕು ಗೂಟಕ್ಕೆ ಎತ್ತಿ ಕಟ್ಟಿ, ನೆಲದ ಮೇಲೆ ನಿಂತು ದೋಟಿಯಿಂದ ಕೊಂಬೆ ಅಲ್ಲಾಡಿಸಿ. ಹಣ್ಣಿಗೆ ಮಣ್ಣು ಹತ್ತುವುದಿಲ್ಲ, ಒಡೆಯುವುದೂ ಕಡಿಮೆ. ಮಣ್ಣಿಗೆ ಬಿದ್ದು ಒಡೆದದ್ದು, ಹೆಂಡದಂತೆ ನಾರುವುದು ಈ ಅಡಿಗೆಗೆ ಬೇಡ.

ಇನ್ನು ತಿಂಡಿಯ ವಿಷಯ. ಅಮೆರಿಕಾ ದೇಶದಲ್ಲಿ ಇದಕ್ಕೆ ಕಾಬ್ಲರು ಅನ್ನುತ್ತಾರೆ. 19ನೇ ಶತಮಾನದಲ್ಲಿ ಅಲ್ಲಿನ ರೈತ ಕುಟುಂಬಗಳು ಹೊಸ ಜಮೀನು ಹುಡುಕಿಕೊಂಡು ಮುಚ್ಚುಗಾಡಿಗಳಲ್ಲಿ ಪಶ್ಚಿಮ ದಿಕ್ಕಿಗೆ ಹೊರಟರು. ದಾರಿಯಲ್ಲಿ ರೊಟ್ಟಿ ಸುಡುವ ಗೂಡು ಎಲ್ಲಿಂದ ಬರಬೇಕು? ದಪ್ಪ ಕಬ್ಬಿಣದ ಪಾತ್ರೆಯೊಳಗೆ ಸಿಕ್ಕಿದ ಹಣ್ಣು ಹಾಕಿ, ಮೇಲೆ ಕಲಸಿದ ಹಿಟ್ಟನ್ನು ಮುದ್ದೆ ಮುದ್ದೆಯಾಗಿ ಇಟ್ಟು, ಮುಚ್ಚಳ ಮುಚ್ಚಿ, ಅಡಿಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರು. ಕೆಳಗೆ ಹಣ್ಣು ಪಾಕವಾಗುತ್ತಿತ್ತು, ಮೇಲೆ ಹಿಟ್ಟು ರೊಟ್ಟಿಯಾಗುತ್ತಿತ್ತು. ಅಷ್ಟೇ ಇದರ ಗುಟ್ಟು. ಅವರಿಗೆ ಕಾಡಿನ ಹಣ್ಣು, ನಮಗೆ ನೇರಳೆ. ಹೆಸರು ನಾಲಿಗೆಗೆ ಹೊರಳದಿದ್ದರೆ ನೇರಳೆ ಮುಚ್ಚುರೊಟ್ಟಿ ಅನ್ನಿ, ನನ್ನದೇನೂ ಅಡ್ಡಿಯಿಲ್ಲ.

‘ಯಾಕೆ ಸ್ವಾಮಿ ಈ ತಾಪತ್ರಯ, ಹಣ್ಣು ಹಾಗೇ ತಿಂದರಾಯಿತಲ್ಲ’ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ತಿನ್ನಿ. ಆದರೆ ಹತ್ತು ಹಣ್ಣು ತಿನ್ನುವಷ್ಟರಲ್ಲಿ ಒಗರಿಗೆ ನಾಲಿಗೆ ಹಿಡಿದುಕೊಳ್ಳುತ್ತದೆ, ಗಂಟಲು ಕೆರೆಯುತ್ತದೆ. ಬೆಲ್ಲ ಬೆರೆಸಿ ಬೇಯಿಸಿದರೆ ಆ ಒಗರು ಅಷ್ಟಾಗಿ ತೋರುವುದಿಲ್ಲ. ಜೊತೆಗೆ ರಾಗಿಯೂ ಶೇಂಗಾವೂ ಸೇರಿದರೆ ಅದು ಬರೀ ಬಾಯಿ ರುಚಿಯ ತಿಂಡಿಯಲ್ಲ, ಶಾಲೆಯಿಂದ ಹಸಿದು ಬಂದ ಮಗುವಿಗೆ ಹೊಟ್ಟೆ ತುಂಬುವ ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಇಷ್ಟಿಲ್ಲ. ಶೇಂಗಾ ನಮ್ಮ ಹೊಲದ್ದೇ. ಪೇಟೆಯಿಂದ ಪೊಟ್ಟಣದ ಬಿಸ್ಕತ್ತು ತರೋದಕ್ಕಿಂತ ಇದು ಎಷ್ಟೋ ಮೇಲು.

ಐದಾರು ಜನರ ಮನೆಗೆ ಒಂದು ಕಿಲೋ ಹಣ್ಣು ಸಾಕು. ತೊಳೆದು ನೀರು ಬಸಿಯಿರಿ. ಆರೇಳು ದಪ್ಪ ಹಣ್ಣುಗಳ ಬೀಜವನ್ನು ಹಸಿಯಾಗಿಯೇ ತೆಗೆದು ಪಕ್ಕಕ್ಕಿಡಿ. ಯಾಕೆಂದು ಆಮೇಲೆ ಹೇಳುತ್ತೇನೆ. ಉಳಿದದ್ದನ್ನು ಕಾಲು ಲೋಟ ನೀರಿನೊಂದಿಗೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಆರಿದ ಮೇಲೆ ಕೈಯಿಂದ ಹಿಸುಕಿದರೆ ಬೀಜ ತಾನಾಗಿ ಬಿಡುತ್ತದೆ. ಅರ್ಧದಿಂದ ಮುಕ್ಕಾಲು ಕಿಲೋ ತಿರುಳು ಸಿಗುತ್ತದೆ. ಅದಕ್ಕೆ ಒಂದು ಲೋಟ ಪುಡಿ ಬೆಲ್ಲ, ಚಿಟಿಕೆ ಉಪ್ಪು, ಜಜ್ಜಿದ ಒಂದು ಏಲಕ್ಕಿ, ನೀರಿನಲ್ಲಿ ಕದಡಿದ ಒಂದು ಚಮಚ ರಾಗಿ ಹಿಟ್ಟು ಸೇರಿಸಿ. ರಾಗಿ ಹಿಟ್ಟು ಯಾಕೆ ಅಂದರೆ ನೇರಳೆ ರಸ ತೆಳು. ಅದನ್ನು ಗಟ್ಟಿ ಮಾಡೋದಕ್ಕೆ. ಕವಳೆ ಹಣ್ಣು ಸಿಕ್ಕರೆ ಒಂದು ಹಿಡಿ ಜೊತೆಗೆ ಹಾಕಿ, ಹುಳಿ ಕೂಡಿ ರುಚಿ ಎದ್ದು ಬರುತ್ತದೆ.

ಪಾತ್ರೆಯ ವಿಷಯದಲ್ಲಿ ಜೋಕೆ. ಅಮೆರಿಕದವರ ಕಬ್ಬಿಣದ ಪಾತ್ರೆ ಇಲ್ಲಿ ಬೇಡ. ನೇರಳೆಯ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಶಾಯಿಯಾಗುತ್ತದೆ. ಹಿಂದೆ ಅಳಲೆಕಾಯಿಯ ಒಗರನ್ನು ಕಬ್ಬಿಣಕ್ಕೆ ಕೂಡಿಸಿ ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರಗಳಂತೂ ಕೂಡದೇ ಕೂಡದು. ಹುಳಿಗೆ ಕಿಲುಬು ಬಿಡುತ್ತವೆ. ದಪ್ಪ ತಳದ ಸ್ಟೀಲು ಪಾತ್ರೆ, ಇಲ್ಲವೇ ಚೆನ್ನಾಗಿ ಪಳಗಿದ ಅಗಲ ಬಾಯಿಯ ಮಣ್ಣಿನ ಪಾತ್ರೆ ಉತ್ತಮ.

ಮೇಲಿನ ಹಿಟ್ಟಿಗೆ ಒಂದು ಲೋಟ ಗೋಧಿ ಹಿಟ್ಟು, ಒಂದು ಲೋಟ ರಾಗಿ ಹಿಟ್ಟು, ಹುರಿದು ಕುಟ್ಟಿದ ಶೇಂಗಾ ಒಂದು ಹಿಡಿ, ಎರಡು ಚಮಚ ಬೆಲ್ಲದ ಪುಡಿ, ಅರ್ಧ ಸಣ್ಣ ಚಮಚ ಅಡಿಗೆ ಸೋಡ, ಚಿಟಿಕೆ ಉಪ್ಪು. ರಾಗಿಗೆ ಬದಲು ನವಣೆ ಹಿಟ್ಟೂ ಆದೀತು. ರಾಗಿ ಹಿಟ್ಟನ್ನು ಮೊದಲು ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದುಕೊಂಡರೆ ಹಸಿ ವಾಸನೆ ಹೋಗುತ್ತದೆ. ಈ ಮಾತು ನನ್ನದಲ್ಲ, ಯಲ್ಲದಕೆರೆಯ ಒಬ್ಬ ಅಜ್ಜಿ ಹೇಳಿಕೊಟ್ಟದ್ದು. ಡಿಪ್ಲೊಮಾ ಪುಸ್ತಕದಲ್ಲಿ ಇದು ನನಗೆ ಸಿಕ್ಕಿರಲಿಲ್ಲ. ಇದಕ್ಕೆ ನಾಲ್ಕೈದು ಚಮಚ ಗಟ್ಟಿ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ, ರವೆಯಂತಾಗಲಿ. ಕಟ್ಟಕಡೆಗೆ ಮುಕ್ಕಾಲು ಲೋಟ ಹುಳಿ ಮಜ್ಜಿಗೆ. ಮಜ್ಜಿಗೆಯ ಹುಳಿಯೂ ಸೋಡವೂ ಕೂಡಿದರೆ ಗಾಳಿ ಹುಟ್ಟಿ ಹಿಟ್ಟು ಉಬ್ಬುತ್ತದೆ. ಆದ್ದರಿಂದ ಕೆಂಡ ಸಿದ್ಧವಾದ ಮೇಲೆಯೇ ಮಜ್ಜಿಗೆ ಹಾಕಿ. ಕಲಸಿಟ್ಟು ಎಮ್ಮೆ ಕರೆಯಲು ಹೋದರೆ ಬರುವಷ್ಟರಲ್ಲಿ ಗಾಳಿ ಹೊರಟು ಹೋಗಿರುತ್ತದೆ. ಚಪಾತಿ ಹಿಟ್ಟಿನಂತೆ ನಾದಲೂ ಬೇಡಿ, ಹೆಟ್ಟೆಯಾಗುತ್ತದೆ. ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ ಇದ್ದರೆ ಸರಿ.

ಪಾತ್ರೆಗೆ ಬೆಣ್ಣೆ ಸವರಿ, ಬಿಸಿ ತಿರುಳು ಹುಯ್ದು, ಮೇಲೆ ಹಿಟ್ಟನ್ನು ಚಮಚದಲ್ಲಿ ಗುಪ್ಪೆ ಗುಪ್ಪೆಯಾಗಿ ಹಾಕಿ. ನಡುನಡುವೆ ಹಬೆ ಹೋಗಲು ಸಂದಿ ಬಿಡಿ. ಹೊಗೆ ಪೂರಾ ಆರಿದ ಕೆಂಡವನ್ನೇ ಆರಿಸಿಕೊಳ್ಳಿ. ಜಾಲಿ ಕಟ್ಟಿಗೆಯ ಕೆಂಡ ಬಹಳ ಹೊತ್ತು ತಾಳುತ್ತದೆ. ಕೆಳಗೆ ಒಂದು ಪಾಲು ಕೆಂಡವಾದರೆ ಮುಚ್ಚಳದ ಮೇಲೆ ಎರಡು ಪಾಲು. ಕೆಳಗಿನ ಹಣ್ಣು ಆಗಲೇ ಬೆಂದಿದೆ, ಅಡಿ ಹತ್ತುವ ಭಯವೇ ಹೆಚ್ಚು. ಬೇಯಬೇಕಾದ್ದು ಮೇಲಿನ ಹಿಟ್ಟು. ಅಂಚು ಎದ್ದ ಚಪ್ಪಟೆ ಮುಚ್ಚಳವಾದರೆ ಬೂದಿ ಒಳಗೆ ಬೀಳೋದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಮುಚ್ಚಳ ತೆಗೆದು ಶುಭ್ರವಾದ ಕಡ್ಡಿಯನ್ನು ರೊಟ್ಟಿಯ ಭಾಗಕ್ಕೆ ಚುಚ್ಚಿ ನೋಡಿ, ಹಿಟ್ಟು ಅಂಟದಿದ್ದರೆ ಆಯಿತು. ಕೆಂಡದ ಕೆಲಸ ಅಂಗಳದಲ್ಲೋ ಗಾಳಿಯಾಡುವ ಹಿತ್ತಿಲಲ್ಲೋ ಆಗಲಿ. ಮಳೆ ಬಂತೆಂದು ಬಾಗಿಲು ಹಾಕಿದ ಕೋಣೆಗೆ ಕೆಂಡ ಒಯ್ಯಬಾರದು. ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ವಿಷದ ಗಾಳಿ ಅದರಿಂದ ಹೊರಡುತ್ತದೆ, ಪ್ರಾಣ ತೆಗೆಯುತ್ತದೆ.

ಗ್ಯಾಸ್ ಒಲೆ ಇದ್ದವರು ಹಳೆಯ ದಪ್ಪ ಬಾಣಲೆಯಲ್ಲಿ ಎರಡು ಬೆರಳು ದಪ್ಪ ಒಣ ಮರಳು ಹಾಕಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆ ಮರಳ ಮೇಲೆ ಪಾತ್ರೆ ಇಟ್ಟು ಮತ್ತೆ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬಹುದು. ಮೇಲ್ಭಾಗ ಕೆಂಡದಲ್ಲಿ ಬೆಂದಷ್ಟು ಕೆಂಪಗಾಗುವುದಿಲ್ಲ, ರುಚಿಗೇನೂ ಕೊರತೆಯಿಲ್ಲ. ಯಾವ ರೀತಿ ಮಾಡಿದರೂ ಮಾರನೆಯ ದಿನ ಮಧ್ಯಾಹ್ನದೊಳಗೆ ತಿಂದು ಮುಗಿಸಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ನೇರಳೆ ಆ ಕಾಯಿಲೆಗೆ ಒಳ್ಳೆಯದು ಅಂತ ಕೇಳಿರುತ್ತೀರಿ. ಆದರೆ ಈ ತಿಂಡಿಯಲ್ಲಿ ಒಂದು ಲೋಟ ಬೆಲ್ಲ ಇದೆ, ಬೆಲ್ಲವೂ ಸಕ್ಕರೆಯ ಹಾಗೆಯೇ ರಕ್ತಕ್ಕೆ ಸೇರುತ್ತದೆ. ಅಂಥವರು ಬರೀ ಹಣ್ಣನ್ನು ಮಿತವಾಗಿ ತಿನ್ನಲಿ. ಹಣ್ಣು ತಿನ್ನುತ್ತೇನೆಂದು ಡಾಕ್ಟರು ಕೊಟ್ಟ ಮಾತ್ರೆಯನ್ನು ಮಾತ್ರ ನಿಲ್ಲಿಸಕೂಡದು.

ಪಕ್ಕಕ್ಕಿಟ್ಟ ಬೀಜದ ಮಾತು ಬಾಕಿ ಉಳಿಯಿತು. ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಬಂದ ಬರಗಳನ್ನು ಹಿರಿಯರು ಬಲ್ಲರು. ಅಂಥ ವರ್ಷಗಳಲ್ಲೂ ಬೇರು ಆಳಕ್ಕೆ ಬಿಟ್ಟು ಹಸಿರಾಗಿ ನಿಲ್ಲುವ ಮರ ನೇರಳೆ. ಬದುವಿನಲ್ಲಿ ಇನ್ನೆರಡು ಇದ್ದರೆ ನಷ್ಟವಿಲ್ಲ. ಕುದಿಸಿದ ಬೀಜ ಹುಟ್ಟುವುದಿಲ್ಲ, ಒಣಗಿಸಿ ಡಬ್ಬದಲ್ಲಿಟ್ಟ ಬೀಜವೂ ಹುಟ್ಟುವುದಿಲ್ಲ. ಹಸಿ ಬೀಜವನ್ನು ಹತ್ತು ದಿನದೊಳಗೆ ಮಣ್ಣು ಗೊಬ್ಬರ ತುಂಬಿದ ಚೀಲದಲ್ಲಿ ಊರಿ. ಒಂದು ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಗಾಬರಿಯಾಗಬೇಡಿ, ನೇರಳೆಯ ಗುಣವೇ ಅದು. ಬಲವಾದ ಒಂದನ್ನು ಉಳಿಸಿ. ಬರುವ ವರ್ಷದ ಮುಂಗಾರಿಗೆ ಬದುವಿಗೆ ನೆಡಬಹುದು. ಬೀಜದ ಗಿಡ ಫಲ ಕೊಡಲು ಎಂಟು ಹತ್ತು ವರ್ಷ ಕಾಯಿಸುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಕಸಿ ಗಿಡ ತನ್ನಿ, ಅರ್ಧ ಕಾಲಕ್ಕೇ ಹಣ್ಣು ಕಾಣುತ್ತೀರಿ. ಕಸಿ ಗಿಡದ ವಿಚಾರವನ್ನು ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೇಳಿ ತಿಳಿದುಕೊಳ್ಳಬಹುದು.